ಹೊತ್ತು ಮುಳುಗುವ ಮುಂಚೆ

ಎಂಬತ್ತರ ದಶಕದಲ್ಲಿ ಶೇಡಬಾಳದ ನಮ್ಮ ಪಕ್ಕದ ಮನೆಯ ಅಜ್ಜಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಆಸ್ಪತ್ರೆಯಲ್ಲಿ ಕಲಿಸಿದಂತೆ ದಿನವಿಡೀ ರಬ್ಬರ್ ಚೆಂಡು ಹಿಸುಕುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಜೈನರ ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕೈ ನಿಧಾನವೆಂದು ಅಜ್ಜಿ ಬಿಸಿಲಿರುವಾಗಲೇ ತಾಟಿನ ಮುಂದೆ ಕೂರುತ್ತಿದ್ದರು. ಸೊಸೆ ತುತ್ತು ಕೊಡಲು ಬಂದರೆ, "ಬಿಡವಾ, ನನಗ ಕೈ ಐತಿ," ಎನ್ನುತ್ತಿದ್ದರು. ಎಷ್ಟೋ ಸಂಜೆ ಅರ್ಧ ರೊಟ್ಟಿ ಉಳಿದಿರುವಾಗಲೇ ಹೊತ್ತು ಮುಳುಗುತ್ತಿತ್ತು. ಅವರು ಹಾಗೇ ಕೈ ತೊಳೆದು ಏಳುತ್ತಿದ್ದರು. "ಹಸಗೊಂಡ ಮಲಗ್ತಾರ್ರಿ," ಎಂದು ಸೊಸೆ ನನ್ನ ತಾಯಿಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಸಂಜೆ ನಾನು ಮಜ್ಜಿಗೆ ಕೊಡಲು ಹೋದಾಗ ಅಜ್ಜಿಯ ತಾಟು ಖಾಲಿಯಾಗಿತ್ತು. ಅವರು ಅಂಗಳದ ಬೇವಿನ ಮರ ನೋಡಿದರು. ತುದಿಯಲ್ಲಿ ಬಿಸಿಲಿತ್ತು.

"ಹೊತ್ತ ಇನ್ನೂ ಐತಿ," ಎಂದರು ಸೊಸೆಗೆ. "ಇನ್ನೊಂದ ರೊಟ್ಟಿ ಹಾಕವಾ."