ಸೂರೋ, ಊರೋ

ಆ ಗಾಯಕಿಯ ಸೋಲೋ ಆಲ್ಬಮ್ಮಿನ ಎರಡನೆಯ ಹಾಡಿನಲ್ಲಿ ‘ಹಾರಿಹೋಯಿತು ನನ್ನ ಹೆಸರು’ ಎಂಬ ಸಾಲಿದೆ. ಈ ವಿಷಯದಲ್ಲಿ ನನಗೆ ಎಂದೂ ಸಂದೇಹವಿರಲಿಲ್ಲ. ‘ಹೆಸರು’ ಕರ್ತೃಪದ, ‘ಹಾರಿಹೋಯಿತು’ ಕ್ರಿಯಾಪದ. ಎರಡರ ಮೊದಲಲ್ಲೂ ಹಕಾರ ಸ್ಪಷ್ಟವಾಗಿಯೇ ಇದೆ. ನನ್ನ ಗೆಳೆಯನಿಗೂ ಸಂದೇಹವಿರಲಿಲ್ಲ. ಅವನ ಪ್ರಕಾರ ಆಕೆ ಹಾಡಿರುವುದು ‘ಆರಿಹೋಯಿತು ನನ್ನ ಎಸರು’ ಎಂದು. ಎಸರೆಂದರೆ ಮುದ್ದೆಗೆಂದು ಒಲೆಯ ಮೇಲಿಟ್ಟು ಕಾಯಿಸುವ ನೀರು. ಯಾರೋ ಒಬ್ಬಳು ಎಸರಿಟ್ಟು ಕಾದಿದ್ದಾಳೆ, ಬರಬೇಕಾದವನು ಬರಲಿಲ್ಲ, ನೀರು ಆರಿತು. ಇಡೀ ಹಾಡನ್ನು ಅವನು ಹೀಗೆ ಅರ್ಥಮಾಡಿಕೊಂಡಿದ್ದ.

“ನಿನ್ ಎಸ್ರು ಆರೋಗದು ಎಂಗ್ಲಾ? ಅದ್ಕೇನು ರೆಕ್ಕೆ ಅದ್ಯಾ?” ಎಂದು ಅವನು ಕೇಳುತ್ತಿದ್ದ. “ನನ್ ಎಸ್ರು ನೋಡು, ಒಲೆ ಮ್ಯಾಲೆ ಅದೆ. ಆರೋಗದೆ ಏನ್ ಮಾಡ್ತದೆ?”

ನಮ್ಮ ಸೀಮೆಯಲ್ಲಿ ಹಕಾರವನ್ನು ಉಚ್ಚರಿಸುವವರು ಕಡಿಮೆ. ಆದ್ದರಿಂದ ಅವನ ಬಾಯಲ್ಲಿ ಹೆಸರೂ ಎಸರೂ ಒಂದೇ, ಹಾರುವುದೂ ಆರುವುದೂ ಒಂದೇ. ಯಾವ ಎಸರು ಎಂಬುದನ್ನು ನಾನು ಸಂದರ್ಭದಿಂದ ನಿರ್ಣಯಿಸಿಕೊಳ್ಳಬೇಕಾಗಿತ್ತು.

ಅವನು ಕುದೇರಿನವನು, ಪ್ರೌಢಶಾಲೆಯಲ್ಲಿ ನನ್ನ ಸಹಪಾಠಿ. ಚಾಮರಾಜನಗರದ ಹೊರವಲಯದಲ್ಲಿರುವ ಕರಿಕಲ್ಲು ಕೊಯ್ಯುವ ಘಟಕವೊಂದರಲ್ಲಿ ಬಹುಕಾಲದಿಂದ ಮೇಲ್ವಿಚಾರಕ. ನಾನು ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿ, ಅವಧಿಗೆ ಮುನ್ನವೇ ನಿವೃತ್ತಿ ಪಡೆದು, ಈಗ ಭಾನುವಾರಗಳಂದು ಗುಂಡ್ಲುಪೇಟೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ವ್ಯಾಕರಣದ ತರಗತಿ ನಡೆಸುತ್ತೇನೆ. ಬಸ್ಸಿದ್ದರೂ ಅವನು ತನ್ನ ಕಾರಿನಲ್ಲಿಯೇ ನನ್ನನ್ನು ಕರೆದೊಯ್ಯುತ್ತಾನೆ. ಗುಂಡ್ಲುಪೇಟೆಯ ಮಲಯಾಳಿಗಳ ಹೋಟೆಲಿನಲ್ಲಿ ಹಬೆಯಲ್ಲಿ ಬೆಂದ ಅಕ್ಕಿಹಿಟ್ಟಿನ ಪುಟ್ಟು ಮತ್ತು ಕಡಲೆ ತಿನ್ನುವುದು ಅವನು ಹೇಳಿಕೊಳ್ಳುವ ಕಾರಣ. ನಿಜವಾದ ಕಾರಣ ಆ ಆಲ್ಬಮ್. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಮೊದಲಿಂದ ಕಡೆಯವರೆಗೆ ಕೇಳುವುದಕ್ಕೆ ದಾರಿ ಸರಿಯಾಗಿ ಸಾಕಾಗುತ್ತದೆ.

ಗಾಯಕಿ ಮೊದಲು ಮೈಸೂರಿನ ಒಂದು ರಾಕ್ ತಂಡದಲ್ಲಿದ್ದಳು. ಗೆಳೆಯ ಮನೆಯಲ್ಲಿ ಅವರ ಹಾಡು ಹಾಕಿದರೆ ಡ್ರಮ್ಮಿನ ಅಬ್ಬರಕ್ಕೆ ಅವನ ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಮೇಲೆ ತಂಡ ಒಡೆಯಿತು. ಆಕೆ ಒಂದು ಗಿಟಾರನ್ನಷ್ಟೇ ಇಟ್ಟುಕೊಂಡು, ತಾನೇ ಬರೆದ ಹಾಡುಗಳನ್ನು ತಾನೊಬ್ಬಳೇ ಹಾಡಿ ಈ ಆಲ್ಬಮನ್ನು ಹೊರತಂದಳು. ಅಷ್ಟರಲ್ಲಿ ಗೆಳೆಯನ ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು.

ಆಕೆ ಹಾಡುಗಳ ಸಾಹಿತ್ಯವನ್ನು ಎಲ್ಲಿಯೂ ಅಚ್ಚುಹಾಕಿಸಲಿಲ್ಲ. ತನ್ನ ಊರು ಯಾವುದೆಂದು ಯಾರಿಗೂ ಹೇಳಲಿಲ್ಲ. ಅಭಿಮಾನಿಗಳಿಗೆ ಜಗಳವಾಡಲು ಇನ್ನೇನು ಬೇಕು? ನಮ್ಮ ಜಿಲ್ಲೆಯ ಕೇಳುಗರದೇ ಒಂದು ವಾಟ್ಸಾಪ್ ಬಳಗವಿದೆ. ಈ ಹಾಡುಗಳು ಎಲ್ಲಿಂದ ಬಂದವು ಎಂಬುದು ಅಲ್ಲಿ ತೀರದ ವಿವಾದ. ಹರವೆಯ ಒಬ್ಬ ಯುವಕ, ಅರಿಶಿನ ಬೆಳೆಯುವವನು, ಸ್ವತಃ ಗಿಟಾರ್ ನುಡಿಸುತ್ತಾನೆ. ಇದೆಲ್ಲ ವಿದೇಶಿ ರಾಕಿನ ನಿಧಾನ ಶೈಲಿ ಎಂಬುದು ಅವನ ವಾದ. ಕೇರಳದ ಗಡಿಯಲ್ಲಿರುವ ನಮ್ಮ ಮದ್ದೂರಿನ ಕಡೆಯ ಒಬ್ಬ ನರ್ಸ್, ಗಡಿಯಾಚೆಯ ಚರ್ಚುಗಳ ಸಾಮೂಹಿಕ ಗಾಯನದ ಛಾಯೆಯಿದೆ ಎನ್ನುತ್ತಾಳೆ. ಮೂರನೆಯ ಹಾಡಿನ ತಾಳ ಕಂಸಾಳೆಯದು ಎಂದು ನನ್ನ ಗೆಳೆಯ ಸಾಧಿಸುತ್ತಿದ್ದ. ಅವನ ಮುಖ್ಯ ಪ್ರಮಾಣ ಮಾತ್ರ ಹಕಾರವೇ.

“ಒಂದ್ ಕಡೆನಾದ್ರೂ ‘ಅ’ಕಾರ ಸರ್ಯಾಗಿ ಅಂತಾಳಾ ನೋಡು,” ಎನ್ನುತ್ತಿದ್ದ. ಅವನು ಹೇಳುತ್ತಿದ್ದುದು ಹಕಾರದ ವಿಷಯವನ್ನೇ. “ಇವ್ಳು ನಮ್ ಸೀಮೆ ಎಣ್ಣು ಕಣ್ಲಾ. ಬ್ಯಾರೆ ಯಾರ್ ಆಡಿನಲ್ಲಿ ಎಸರು ಬತ್ತದೆ, ಏಳು?”

ನಾನು ಬಳಗದಲ್ಲಿ ಒಂದು ದೀರ್ಘ ಸಂದೇಶ ಬರೆದೆ. ಗಾಯಕಿಯ ಉಚ್ಚಾರಣೆ ಶಿಷ್ಟವಾದದ್ದು, ಪದ ‘ಹೆಸರು’ ಎಂಬುದೇ ಹೊರತು ಬೇರೆಯಲ್ಲ, ಎಂದು ಕ್ರಮವಾಗಿ ನಿರೂಪಿಸಿದೆ. ಹರವೆಯ ಯುವಕ ಉತ್ತರಿಸಿದ: “ಮೇಷ್ಟ್ರೇ, ನೀವು ಏಳದು ಸರಿ ಇರ್ಬೋದು. ಆದ್ರೆ ಅಣ್ಣನ ಎಸರು ಚೆಂದಾಗದೆ.” ಮೂವತ್ತು ಮಂದಿ ಅದಕ್ಕೆ ಹೆಬ್ಬೆಟ್ಟು ಒತ್ತಿದರು.

ಆ ವಾರ ಕಾರಿನಲ್ಲಿ ಗೆಳೆಯ ಗೆಲುವಿನ ಗತ್ತಿನಲ್ಲಿರುತ್ತಾನೆಂದುಕೊಂಡಿದ್ದೆ. ಹಾಗಾಗಲಿಲ್ಲ. ಹಿಂತಿರುಗುವಾಗ ತೆರಕಣಾಂಬಿ ದಾಟಿದ ಮೇಲೆ, ಎರಡನೆಯ ಹಾಡು ಮುಗಿದಾಗ, ರಸ್ತೆಯನ್ನೇ ನೋಡುತ್ತ ಹೇಳಿದ:

“ನಮ್ಮೋಳು ತಿರುವಲ್ಲಿ ನನ್ ಸ್ಕೂಟರ್ ಸದ್ದಾಗೋ ಒತ್ಗೆ ಎಸರು ಕುದಿಬೇಕು ಅಂತ ಮೊದ್ಲೇ ಮಡಗೋಳು. ನಾನು ಕಲ್ಲು ಲೋಡಾಗ್ಲಿಲ್ಲ, ಲಾರಿ ಬರ್ಲಿಲ್ಲ ಅಂತ ಅಲ್ಲೇ ಕುಂತಿರ್ತಿದ್ದೆ. ಆರೋದ್ಮೇಲೆ ತಿರ್ಗ ಕಾಯ್ಸೋಳು. ಒಂದಿನನೂ ಬಾಯ್ಬುಟ್ಟು ಅಂದಿಲ್ಲ ಕಣ್ಲಾ. ಅಂದ್ಬುಟ್ಟಿದ್ರೆ ಚೆಂದಾಗಿತ್ತು.” ಗದ್ದದಿಂದ ಪ್ಲೇಯರಿನ ಕಡೆ ತೋರಿಸಿದ. “ಈ ಎಣ್ಣು ಅಂತಾವ್ಳೆ ನೋಡು, ಅವ್ಳ ಬದ್ಲು.”

ಅಂದಿನಿಂದ ನಾನು ಆ ಸಾಲಿನ ವಿಷಯವನ್ನು ಎತ್ತುವುದನ್ನು ನಿಲ್ಲಿಸಿದೆ. ತಪ್ಪು ಪಾಠವೊಂದನ್ನು ತಿದ್ದದೆ ಬಿಡುವುದು ನನ್ನ ಸ್ವಭಾವವಲ್ಲ. ಆದರೆ ಇದು ಪಾಠಾಂತರದ ಪ್ರಶ್ನೆಯಾಗಿ ಉಳಿದಿರಲಿಲ್ಲ. ಹೆಂಡತಿ ಆಡದೆ ಹೋದ ಆಕ್ಷೇಪಣೆಯೊಂದು ಅವನಿಗೆ ಆ ಹಾಡಿನಲ್ಲಿ ಸಿಕ್ಕಿತ್ತು. ಅದನ್ನು ಕಸಿದುಕೊಂಡು ನಾನು ಅವನಿಗೆ ಕೊಡಬಹುದಾಗಿದ್ದುದು ಒಂದು ಹಕಾರವನ್ನು ಮಾತ್ರ.

ವಿಷಯ ಅಲ್ಲಿಗೇ ನಿಲ್ಲುತ್ತಿತ್ತು. ಆರನೆಯ ಹಾಡು ಅದನ್ನು ನಿಲ್ಲಗೊಡಲಿಲ್ಲ.

ಆ ಹಾಡಿನಲ್ಲಿ ‘ಇಬ್ಬರಿಗೂ ಒಂದೇ ಸೂರು’ ಎಂಬ ಪಲ್ಲವಿ ಬರುತ್ತದೆ. ಒಂದು ಭಾನುವಾರ ಗೆಳೆಯ ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತ, “ಇನ್ನೇನ್ಲಾ ಬೇಕು ನಿಂಗೆ? ‘ಇಬ್ಬರಿಗೂ ಒಂದೇ ಊರು’ ಅಂತ ಅವ್ಳೇ ಬಾಯ್ಬುಟ್ಟು ಅಂತಾವ್ಳೆ. ನಮ್ಮೂರೇ ಅದು,” ಎಂದ.

“ಸೂರು ಕಣಯ್ಯ,” ಎಂದೆ. “ಮನೆಯ ಸೂರು.”

“ಅದೇ ನಾನೂ ಏಳದು. ಊರು.”

“ಸೂರು.”

“ಏನ್ ಮೇಷ್ಟ್ರಯ್ಯ ನೀನು, ನಾನ್ ಅಂದದ್ನೇ ಅಂದ್ಬುಟ್ಟು ಜಗಳ ಆಡ್ತೀಯಲ್ಲ!” ಎಂದು ಅವನು ಗಟ್ಟಿಯಾಗಿ ನಕ್ಕ.

ನನಗೆ ನಗು ಬರಲಿಲ್ಲ. ನಮ್ಮ ಕಡೆಯವರು ಹಕಾರವನ್ನು ಬಿಡುತ್ತಾರೆ. ಹಾಲು ಆಲಾಗುತ್ತದೆ, ಹೊಲ ‘ಒಲ’ ಆಗುತ್ತದೆ. ಅದು ಲೋಪ, ಅದಕ್ಕೆ ನಿಯಮವಿದೆ. ಆದರೆ ಸಕಾರವನ್ನು ಬಿಡುವವರು ಯಾರೂ ಇಲ್ಲ. ಸೊಪ್ಪನ್ನು ‘ಒಪ್ಪು’ ಎನ್ನುವವನನ್ನು, ಸಂತೆಯನ್ನು ‘ಅಂತೆ’ ಎನ್ನುವವನನ್ನು ನಾನು ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಕಂಡಿಲ್ಲ. ಗೆಳೆಯನೂ ತಾನು ಮಾತನಾಡುವಾಗ ಸಕಾರವನ್ನು ನೆಟ್ಟಗೆ ಉಚ್ಚರಿಸುತ್ತಾನೆ. ಹಾಗಿದ್ದರೆ ಅದು ಬಿದ್ದುಹೋದದ್ದು ನಾಲಿಗೆಯಲ್ಲಲ್ಲ.

ಹೋಟೆಲಿನಲ್ಲಿ ಅವನ ಎದುರು ಕುಳಿತು, ಚಹದ ಲೋಟವನ್ನು ತುಟಿಗೆ ಅಡ್ಡ ಹಿಡಿದು, ಸಹಜವಾದ ದನಿಯಲ್ಲಿ “ಸಂತೆ” ಎಂದೆ.

“ಅಂತೆ? ಯಾರಂತೆ?” ಎಂದ ಅವನು, ಪುಟ್ಟು ಮುರಿಯುತ್ತ.

“ಸಾಲು.”

“ಆಲಾ? ಚಾಗೆ ಆಕವ್ರಲ್ಲ. ಸಾಲ್ದಾ?”

ಲೋಟವನ್ನು ಕೆಳಗಿಟ್ಟು, ಅವನಿಗೆ ತುಟಿ ಕಾಣುವಂತೆ “ಸಾಲು” ಎಂದೆ. “ಯಾವ್ ಸಾಲು? ಆಡಿನ ಸಾಲಾ?” ಎಂದ, ಸ್ಪಷ್ಟವಾಗಿ.

ಕಲ್ಲು ಕೊಯ್ಯುವ ಗರಗಸಗಳ ಪಕ್ಕದಲ್ಲಿ ಅವನು ಅರ್ಧ ಆಯುಷ್ಯ ನಿಂತಿದ್ದಾನೆ. ಬೇರೆ ಊರಿನಲ್ಲಿದ್ದಿದ್ದರೆ, ಹಾಲನ್ನು ಆಲೆಂದು ಕೇಳಿಸಿಕೊಂಡ ಮೊದಲ ದಿನವೇ ಯಾರಾದರೂ ಗಮನಿಸುತ್ತಿದ್ದರು. ನಮ್ಮಲ್ಲಿ ಎಲ್ಲರೂ ಆಲೆಂದೇ ಹೇಳುವುದರಿಂದ ಅವನ ಕಿವಿಯ ನಷ್ಟ ಊರಿನ ಮಾತಿನೊಳಗೆ ಅಡಗಿಕೊಂಡಿತ್ತು.

ಹಿಂತಿರುಗುವಾಗ ಹೇಳಿದೆ. ಅವನು ಮೊದಲು ನಕ್ಕ, ಅನಂತರ ರೇಗಿದ. “ನನ್ ಕಿವ್ಗೆ ಏನಾಗದೆ? ಲಾರಿ ಗೇಟ್ತಾವ್ ಬಂದ್ರೆ ಒಳ್ಗಿಂದ್ಲೇ ಗೊತ್ತಾಯ್ತದೆ.” ಲಾರಿಯ ಸದ್ದು ದಪ್ಪ, ಸಕಾರದ ಸದ್ದು ಸಣ್ಣದು, ಎಂದು ವಿವರಿಸಲು ಹೊರಟೆ. ಅವನು ಹಾಡನ್ನು ನಿಲ್ಲಿಸಿಬಿಟ್ಟ. ಮನೆಯ ಮುಂದೆ ನನ್ನನ್ನು ಇಳಿಸುವಾಗ ಕೇಳಿದ: “ಅಂಗಾರೆ ಆ ಆಡ್ನಲ್ಲಿ ಎಸರೇ ಇಲ್ಲ ಅನ್ನು.”

“ಕಿವಿ ತೋರಿಸೋಣ ಎಂದೆ, ಅಷ್ಟೆ.”

“ಅಲ್ಲ, ನೀನು ಮೊದ್ಲಿಂದ್ಲೂ ಅದ್ನೇ ಏಳದು.” ಕಾರು ಹೊರಟುಹೋಯಿತು.

ಮುಂದಿನ ಎರಡು ಭಾನುವಾರ ನಾನು ಬಸ್ಸಿನಲ್ಲಿ ಹೋದೆ. ಮೂರನೆಯ ವಾರ ನಾನಾಗಿಯೇ ಅವನ ಮನೆಗೆ ನಡೆದೆ. ಅವನು ಅಡುಗೆಮನೆಯಲ್ಲಿ ಮುದ್ದೆಗೆ ಹಿಟ್ಟು ಹಾಕುತ್ತಿದ್ದ. ಫೋನಿನಲ್ಲಿ ಅದೇ ಎಸರಿನ ಹಾಡು, ತಾರಕದಲ್ಲಿ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ವಾಕ್ಯಗಳು ಯಾವುವೂ ಅಲ್ಲಿ ಒದಗಲಿಲ್ಲ.

“ಆಕೆ ಆ ಆಲ್ಬಮ್ಮಿನಲ್ಲಿ ಇನ್ನೂ ಏನೇನು ಅಂದಿದ್ದಾಳೋ,” ಎಂದೆ. “ನಿನಗೆ ಅರ್ಧವೂ ಕೇಳಿಸದೆ ಹೋಗಿರಬಹುದು.”

ಅವನು ಕೋಲಿನಿಂದ ಹಿಟ್ಟು ತಿರುವುತ್ತಲೇ ಇದ್ದ. ಮುದ್ದೆ ಕಟ್ಟಿ, ತಟ್ಟೆಗೆ ಹಾಕಿ, ನನ್ನ ಮುಂದೆ ತಳ್ಳಿದ. “ಉಣ್ಣು. ಯಾವತ್ತು ಓಗನ?”

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸಿದ ಹುಡುಗಿ ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದವಳು. ಬಾಯಿಗೆ ರಟ್ಟು ಅಡ್ಡ ಹಿಡಿದು ಒಂದೊಂದೇ ಪದ ಹೇಳಿದಳು. ಹಾಲು ಎಂದರೆ ಅವನು “ಆಲು” ಎಂದ. ಹೂವು ಎಂದರೆ “ಊವು” ಎಂದ. ಆಕೆ ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಸರ್, ಇವರಿಗೆ ಕೇಳಿಸ್ತಿಲ್ವೋ, ಇಲ್ಲ ಮಾತೇ ಹೀಗೋ?”

“ಹಕಾರ ಬಿಡಮ್ಮ,” ಎಂದೆ. “ಅದರಿಂದ ಏನೂ ತಿಳಿಯದು. ಸಕಾರದ ಪದಗಳನ್ನು ಕೇಳು.”

“ಇಲ್ಲೂ ಬುಡಲ್ಲ ನೋಡು ತಾಯಿ,” ಎಂದ ಗೆಳೆಯ ಅವಳಿಗೆ. “ಇವ್ನು ಸಾಯೋವಾಗ್ಲೂ ಒತ್ತಕ್ಷರ ನೋಡ್ಕಂಡೇ ಸಾಯದು.” ಅವಳು ನಕ್ಕು, ರಟ್ಟನ್ನು ಮತ್ತೆ ಬಾಯಿಗೆ ಅಡ್ಡ ಹಿಡಿದಳು. ಸೊಪ್ಪು, ಸರ, ಸೂಜಿ. ಅವನು ಒಂದೊಂದಕ್ಕೂ ತುಸು ಯೋಚಿಸಿ, ನಂಬಿಕೆಯಿಂದ, ತಪ್ಪು ಉತ್ತರ ಕೊಟ್ಟ. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಎರಡೂ ಕಿವಿಗಳಿಗೆ ಯಂತ್ರಗಳು ಬಂದವು. ಅವುಗಳಿಗೆ ಒಗ್ಗಿಕೊಳ್ಳಲು ಅವನಿಗೆ ಕೆಲವು ವಾರ ಬೇಕಾಯಿತು. ಆ ದಿನಗಳಲ್ಲಿ ಅವನು ಹಾಡು ಹಾಕಲಿಲ್ಲ, ಹಾಕೆಂದು ನಾನೂ ಹೇಳಲಿಲ್ಲ. ಒಂದು ಭಾನುವಾರ ಬೆಳಗ್ಗೆ ಕಾರು ಹತ್ತಿದ ಕೂಡಲೇ, “ಈ ಇಂಡಿಕೇಟ್ರು ಟಕ್ ಟಕ್ ಅಂತದಲ್ಲ, ಮೊದ್ಲಿಂದ್ಲೂ ಅಂತಿತ್ತಾ?” ಎಂದ. ಹೌದೆಂದೆ. “ತಲೆ ತಿಂತದೆ,” ಎಂದು ಆಲ್ಬಮನ್ನು ಹಚ್ಚಿದ.

ಮೊದಲನೆಯ ಹಾಡಿನಲ್ಲಿ ತಂತಿಯ ಮೇಲೆ ಬೆರಳು ಜಾರುವ ಕೀರಲು ಸದ್ದು ಬಂದಾಗ ಅವನು ಬೆಚ್ಚಿದ. ಸಾಲು ಸಾಲಿನ ನಡುವೆ ಆಕೆ ಉಸಿರೆಳೆದುಕೊಳ್ಳುವುದನ್ನು ಕೇಳಿ, “ಪಕ್ಕದಲ್ಲೇ ಕುಂತವ್ಳೆ ಕಣ್ಲಾ,” ಎಂದ. ಎರಡನೆಯ ಹಾಡು ಬಂತು. ನಾನು ಹೊರಗಿನ ಚೆಂಡುಹೂವಿನ ಹೊಲಗಳನ್ನು ನೋಡತೊಡಗಿದೆ.

‘ಹಾರಿಹೋಯಿತು ನನ್ನ ಹೆಸರು.’

ಅವನು ಕಾರಿನ ವೇಗ ತಗ್ಗಿಸಲಿಲ್ಲ, ಹೆಚ್ಚಿಸಲೂ ಇಲ್ಲ. ಹಾಡು ಮುಗಿದ ಮೇಲೆ, “ನಿಂದೇ ಕಣ್ಲಾ. ರೆಕ್ಕೆ ಇರೋ ಎಸ್ರೇ,” ಎಂದ. ಮುಂದಿನ ಹಾಡಿನ ನಡುವೆ ಮತ್ತೆ: “ಯಾರೋ ಬ್ಯಾರೆ ಎಣ್ಣು ಇವ್ಳು. ಚೆಂದಾಗಾಡ್ತಾಳೆ.”

ಅಂದೇ ಬಳಗಕ್ಕೆ ಅವನು ಬರೆದ: “ಮೇಷ್ಟ್ರು ಹೇಳಿದ್ದೇ ಸರಿ. ನನಗೆ ಕಿವಿ ಮಂದವಾಗಿತ್ತು.” ಹರವೆಯ ಯುವಕ, ತಾನು ಎಸರೆಂದೇ ಹಾಡುವುದಾಗಿ, ಗಾಯಕಿ ಬೇಕಾದರೆ ತಿದ್ದಿಕೊಳ್ಳಲೆಂದು ಉತ್ತರಿಸಿದ. ನನ್ನ ಪಾಠ ಸ್ಥಾಪಿತವಾಗಿತ್ತು. ಫೋನನ್ನು ಬೋರಲು ಹಾಕಿಟ್ಟೆ.

ಮರುವಾರ ಮೊದಲನೆಯ ಹಾಡು ಮುಗಿಯುತ್ತಿದ್ದಂತೆ ಅವನು ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಎರಡೂ ಯಂತ್ರಗಳನ್ನು ಕಿವಿಯಿಂದ ಬಿಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ನಾನು ಗಾಬರಿಯಿಂದ ಏನಾಯಿತೆಂದು ಕೇಳಿದೆ. ಅವನು ಕೈ ಎತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದ. ಎರಡನೆಯ ಹಾಡು ಆರಂಭವಾಯಿತು. ಅವನು ತಲೆಯನ್ನು ಸೀಟಿಗೊರಗಿಸಿ ಕಣ್ಣು ಮುಚ್ಚಿದ. ಆ ಸಾಲು ಬಂದು ಹೋದಾಗ ಅವನ ತುಟಿ ಅಲುಗಿತು.

ಈಗ ಪ್ರತಿ ಭಾನುವಾರವೂ ಹೀಗೆಯೇ. ಆ ಒಂದು ಹಾಡಿಗೆ ಕಾರು ನಿಲ್ಲುತ್ತದೆ, ನನ್ನ ತರಗತಿ ಸ್ವಲ್ಪ ತಡವಾಗಿ ಆರಂಭವಾಗುತ್ತದೆ. ಹಾಡು ಮುಗಿದ ಮೇಲೆ ಅವನು ಯಂತ್ರಗಳನ್ನು ಮತ್ತೆ ಕಿವಿಗೇರಿಸಿ, ಗೇರು ಹಾಕಿ, “ಊಂ, ಈಗ ಮಾತಾಡು,” ಎನ್ನುತ್ತಾನೆ. ಮೂರನೆಯ ಹಾಡಿನ ತಾಳ ಕಂಸಾಳೆಯದೋ ಅಲ್ಲವೋ ಎಂಬ ಜಗಳ ಗುಂಡ್ಲುಪೇಟೆಯವರೆಗೆ ನಡೆಯುತ್ತದೆ.