ತುಟಿಯಾಡಿಸಿದ್ದು ನಾನೇ

ಪರದೇಶದಲ್ಲಿ ನಾವಿರುವ ಕಿಲಿಮಾನಿ ಬಡಾವಣೆಯ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಲ್ಲುವ ಅಸ್ಕಾರಿಗೆ, ಅಂದರೆ ಕಾವಲಿನವರಿಗೆ, ಕಿವಿ ಕೇಳಿಸುವುದಿಲ್ಲ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ದಿನಾ ಮಾತಾಡಿಸುತ್ತಿದ್ದೆ, ಅವರೂ ನಗುತ್ತಾ ಉತ್ತರ ಕೊಡುತ್ತಿದ್ದರು. ಒಂದು ದಿನ ಹಲ್ಲು ಕೀಳಿಸಿಕೊಂಡು, ಬಾಯಿಗೆ ದುಪಟ್ಟಾ ಒತ್ತಿಕೊಂಡು ಬಂದವಳು ಪಾರ್ಸೆಲ್ ಬಂತಾ ಎಂದು ಕೇಳಿದೆ. ಮಿಕಮಿಕ ನೋಡಿದರು. ಮತ್ತೆ ಕೇಳಿದೆ. ಆಮೇಲೆ ಅತ್ತಿತ್ತ ನೋಡಿ, ದುಪಟ್ಟಾ ತೆಗೆಯುವಂತೆ ಕೈಸನ್ನೆ ಮಾಡಿದರು.

ಅವರು ಸೈನ್ಯದಲ್ಲಿದ್ದವರು. ಗಡಿಯಲ್ಲಿ ಲಾರಿಯ ಕೆಳಗೆ ಬಾಂಬು ಸಿಡಿದು ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಹೆಸರಿಗೆ ಮಾತ್ರ ಇತ್ತು. ಸೆಕ್ಯುರಿಟಿ ಕಂಪನಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂದು ತುಟಿ ನೋಡಿ ಮಾತು ತಿಳಿಯುವುದನ್ನು ತಾವೇ ಕಲಿತಿದ್ದರು. ಹಾರ್ನ್‌ಗೆ ತುಟಿ ಎಲ್ಲಿದೆ? ಹಿಂದಿನ ತಿಂಗಳಷ್ಟೇ ರಿವರ್ಸ್ ಬಂದ ಕಾರೊಂದು ಅವರ ಮಂಡಿಗೆ ತಾಗಿ ನಿಂತಿತ್ತು. ಸೈನ್ಯದ ಅಂಗವಿಕಲ ಪಿಂಚಣಿ ಸಿಕ್ಕರೆ ಈ ಗೇಟು ಬಿಟ್ಟು ಊರಿಗೆ ಹೋಗುತ್ತೇನೆ ಎಂದರು. ಅರ್ಜಿ ಎರಡು ಸಲ ವಾಪಸು ಬಂದಿತ್ತಂತೆ.

ಅರ್ಜಿ, ವರದಿ ಬರೆಯುವುದೇ ನನ್ನ ಹೊಟ್ಟೆಪಾಡು. ಇಲ್ಲಿನ ಒಂದು ಸೇವಾಸಂಸ್ಥೆಯಲ್ಲಿ ದಿನವಿಡೀ ಅದನ್ನೇ ಮಾಡುತ್ತೇನೆ. ದುಡ್ಡು ಕಾಸಿನ ಮಾತೇ ಬೇಡ, ನಾನು ಬರೆದುಕೊಡುತ್ತೇನೆ ಎಂದುಬಿಟ್ಟೆ. "ನಿನಗ್ಯಾಕೇ ಊರ ಉಸಾಬರಿ" ಅಂದರು ನನ್ನ ಗಂಡ. ಅವರ ಮಾತು ನಾನು ಯಾವತ್ತು ಕೇಳಿದ್ದೇನೆ?

ನಾಲ್ಕು ಶನಿವಾರ ಗೇಟಿನ ಪಕ್ಕದ ಗೂಡಿನಲ್ಲಿ ಎದುರುಬದುರು ಕೂತೆವು. ಅವರಿಗೆ ಅರ್ಥವಾಗಲೆಂದು ಒಂದೊಂದು ಪದವನ್ನೂ ಬಾಯಿ ಅಗಲಿಸಿ ಆಡುತ್ತಿದ್ದೆ. ಹಾಗೆ ಆಡಿ ಆಡಿ ಮನೆಯಲ್ಲೂ ಅದೇ ಅಭ್ಯಾಸವಾಗಿ ಮಗಳು ನಗುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ಶಾಲೆಯ ವೇದಿಕೆಯಲ್ಲಿ ಪದ್ಯ ಮರೆತರೆ ನಾನು ಸಭೆಯಲ್ಲಿ ಕೂತು ತುಟಿಯಾಡಿಸುತ್ತಿದ್ದೆ. ನಾನು ಆ ಪೈಕಿ ತಾಯಿ. ಎದುರಿಗಿದ್ದವರು ತಡವರಿಸಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಈ ಸಲ ಅರ್ಜಿ ವಾಪಸು ಬರಲಿಲ್ಲ. ವೈದ್ಯರ ಪರೀಕ್ಷೆಗೆ ಕರೆ ಬಂತು. ಅಸ್ಕಾರಿ ನೀವೂ ಬನ್ನಿ ಮೇಡಂ ಎಂದರು, ರಜೆ ಹಾಕಿ ಹೋದೆ. ಹಳೆಯ ಕೋಟಿಗೆ ಇಸ್ತ್ರಿ ಮಾಡಿಸಿ, ಬೂಟಿಗೆ ಪಾಲಿಶ್ ಹಾಕಿ ಬಂದಿದ್ದರು. ಒಳಗೆ ಕಿವಿ ಪರೀಕ್ಷಿಸುವ ಯಂತ್ರ ಕೆಟ್ಟಿತ್ತು. ವೈದ್ಯರು ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ತಾವು ಹೇಳುವ ಸಂಖ್ಯೆಯನ್ನು ಹಾಗೇ ಮತ್ತೆ ಹೇಳಬೇಕೆಂದು ಎದುರಿಗೇ ತಿಳಿಸಿ, ಬೆನ್ನ ಹಿಂದೆ ಹೋಗಿ ನಿಂತರು. ನನಗೆ ಕುರ್ಚಿ ಸಿಕ್ಕಿದ್ದು ಅವರ ಎದುರಿಗೆ.

ಮೊದಲನೆಯದಕ್ಕೆ ಅವರು ಸುಮ್ಮನಿದ್ದರು. ಸುಮ್ಮನಿರುವುದೇ ಬೇಕಾಗಿತ್ತು, ಅದು ನನಗೂ ಗೊತ್ತಿತ್ತು. ಆದರೆ ಆ ಹಣೆಯ ಮೇಲೆ ಬೆವರು, ಪಾಠ ಮರೆತ ಹುಡುಗನ ಹಾಗೆ ನನ್ನನ್ನೇ ನೋಡುವ ಕಣ್ಣು. ಹಿಂದಿನಿಂದ ವೈದ್ಯರು ಮೆಲ್ಲಗೆ "ಸಬಾ" ಅಂದರು, ಇಲ್ಲಿನ ಭಾಷೆಯಲ್ಲಿ ಏಳು. "ಸಬಾ" ಅಂದರು ನಮ್ಮ ಅಸ್ಕಾರಿ. "ನಾನೆ", ಎಂಟು. "ನಾನೆ." "ತಿಸಾ", ಒಂಬತ್ತು. ಆಗ ನನ್ನ ನಾಲಿಗೆ ಹಲ್ಲಿಗೆ ತಾಗಿದ್ದು ನನಗೇ ತಿಳಿಯಿತು. ಅಯ್ಯೋ, ತುಟಿಯಾಡಿಸುತ್ತಿದ್ದದ್ದು ನಾನೇ! ಬಾಯಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅವರು "ತಿಸಾ" ಎಂದಾಗಿತ್ತು. ವೈದ್ಯರು ಬರೆಯತೊಡಗಿದ್ದರು.

ಎದ್ದು ನಿಂತು ನಡೆದದ್ದನ್ನು ಹೇಳಿದೆ, ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಕೈ ಮುಗಿದೆ. ವೈದ್ಯರಿಗೆ ಸಿಟ್ಟೇನೂ ಬರಲಿಲ್ಲ.

"ಈಗ ಮಾಡಿದರೆ ಬೇಕಂತಲೇ ಸುಮ್ಮನಿರುತ್ತಾರೆ. ನಾನು ಹೇಗೆ ನಂಬಲಿ ಮೇಡಂ?"

ಅಸ್ಕಾರಿಯ ಕೋಟಿನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದೆ.

ವಾಪಸು ಬರುವಾಗ ಮಟಾಟು ವ್ಯಾನಿನಲ್ಲಿ ಹಾಡು ಕಿವಿಗಡಚಿಕ್ಕುತ್ತಿತ್ತು, ಅವರೊಬ್ಬರಿಗೇ ಅದರ ಕಾಟವಿಲ್ಲ. ನನ್ನ ತಪ್ಪಿರಲಿ, ನೀವಾದರೂ ಯಾಕೆ ಹೇಳಿದಿರಿ ಎಂದು ಅವರ ಕಡೆ ತಿರುಗಿ ಕೇಳಿದೆ. ಬೈಯಬೇಕಾಗಿದ್ದವರು ಅವರು, ಬೈದವಳು ನಾನು.

"ಸಾಹೇಬರು ಕೇಳ್ತಿದ್ದಾರೆ, ಉತ್ತರ ಕಣ್ಣೆದುರಿಗೇ ಇದೆ. ಸುಮ್ನೆ ಹೇಗೆ ಇರೋದು ಮೇಡಂ?" ಎಂದರು. ನಾನು ಅತ್ತುಬಿಟ್ಟೆ. ಅವರು ಕಿಟಕಿಯ ಕಡೆ ನೋಡುತ್ತಾ ಕೂತರು.

ತಪ್ಪು ನನ್ನದೆಂದು ಬರೆದು ಮೇಲ್ಮನವಿ ಕಳಿಸಿದೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಅಷ್ಟು ಜೋಪಾನವಾಗಿ ಬರೆದ ಕಾಗದ ಇನ್ನೊಂದಿಲ್ಲ. ಎರಡು ತಿಂಗಳ ಮೇಲೆ ಒಂದು ಸಂಜೆ ಕೆಲಸದಿಂದ ಬಂದಾಗ ಅವರು ಗೇಟಿನಲ್ಲಿ ಲಕೋಟೆ ಹಿಡಿದು ನಿಂತಿದ್ದರು. ಇಂಗ್ಲಿಷ್ ಕಾಗದ, ಓದಿ ಹೇಳಿ ಎಂದು ಕೊಟ್ಟರು. ಮೊದಲ ಸಾಲಿನಲ್ಲೇ ಎಲ್ಲ ಇತ್ತು: ಶ್ರವಣಶಕ್ತಿ ಸಮರ್ಪಕವಾಗಿದೆ, ಮನವಿಯನ್ನು ತಿರಸ್ಕರಿಸಲಾಗಿದೆ. ಅವರ ಮುಖ ನೋಡಿ ಅದನ್ನು ಹೇಳಲು ನನ್ನಿಂದಾಗಲಿಲ್ಲ. ಗೋಡೆಯ ಕಡೆ ತಿರುಗಿ ಕಾಗದವನ್ನು ಕೊನೆಯ ಸಾಲಿನವರೆಗೂ ಜೋರಾಗಿ ಓದಿದೆ.

ಓದು ಮುಗಿದ ಮೇಲೆ ಅವರು ನನ್ನ ತೋಳು ಮುಟ್ಟಿದರು.

"ಈ ಕಡೆ ತಿರುಗಿ ಹೇಳಿ ಮೇಡಂ."