ಮಲಕಪ್ಪ ಬಿಗಿ ಮಾಡಿದ ಸಂದಿ

ಪೀಣ್ಯದ ಆ ಶೆಡ್ಡಿನಲ್ಲಿ ಫಿಟ್ಟರ್ ಮಲಕಪ್ಪನೆಂದರೆ ಮಾಲೀಕನಿಗೂ ಗೌರವ. ಮಷಿನ್ನು ಗಡಗಡ ಅಂದರೆ ಸಾಕು, ಕಿವಿಗೊಟ್ಟು ಕೇಳಿ ಯಾವ ಬೋಲ್ಟು ಸಡಿಲಾಗಿದೆಯೆಂದು ಹೇಳಿಬಿಡುತ್ತಿದ್ದ. ಇಳಕಲ್ಲಿನ ಕಡೆಯಿಂದ ಬರಿಗೈಯಲ್ಲಿ ಬಂದು ಕೆಲಸ ಕಲಿತವನು. ಹೆಮ್ಮೆ ಇತ್ತು, ಇರಲಿ ಬಿಡಿ. ಆದರೆ ಅದನ್ನು ಶೆಡ್ಡಿನಲ್ಲೇ ಬಿಟ್ಟು ಬರಬೇಕಿತ್ತು.

ಮಗಳು ಸವಿತಾಳ ಮೇಲ್ದವಡೆ ಮೊದಲಿನಿಂದಲೂ ಕಿರಿದು. ಹಲ್ಲುಗಳು ಒಂದರ ಮೇಲೊಂದು ಏರಿ, ಮೇಲಿನವೂ ಕೆಳಗಿನವೂ ಸರಿಯಾಗಿ ಕೂಡುತ್ತಿರಲಿಲ್ಲ. ರೊಟ್ಟಿ ಅಗಿಯಲು ಪಡಬಾರದ ಕಷ್ಟ ಪಡುತ್ತಿದ್ದಳು. ತಾಯಿ ಹೊಳೆವ್ವ ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ ಅವಳನ್ನು ಹಲ್ಲಿನ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಅಂಗುಳಿಗೆ ತಂತಿಯ ಸಾಧನವೊಂದನ್ನು ಕೂರಿಸಿದರು. ಅದರ ನಡುವೆ ಪುಟ್ಟ ಸ್ಕ್ರೂ. ದಿನಾ ಮನೆಯಲ್ಲಿ ಸಣ್ಣ ಕೀಲಿಯಿಂದ ಅದನ್ನು ಸ್ವಲ್ಪವೇ ತಿರುಗಿಸಿದರೆ ದವಡೆ ಮೆಲ್ಲಗೆ ಅಗಲವಾಗುತ್ತದೆ.

"ಹದಿನಾಲ್ಕು ತುಂಬ್ತಿದೆ. ಅಂಗುಳಿನ ಮಧ್ಯದ ಮೂಳೆ ಕೂಡ್ಕೊಂಡ್ಬಿಟ್ರೆ ಆಮೇಲೆ ಆಪರೇಷನ್ನೇ ಗತಿ ಕಣಮ್ಮಾ" ಎಂದರು.

ಸ್ಕ್ರೂ ಎಂದ ಮೇಲೆ ಆ ಕೆಲಸ ಇನ್ನಾರ ಪಾಲಿಗೆ ಬಂದೀತು? ಮಲಕಪ್ಪ ಸಂಜೆ ಮಗಳನ್ನು ಬಾಗಿಲ ಬೆಳಕಿಗೆ ಮಲಗಿಸಿ, ಗ್ರೀಸಿನ ಕೈಯನ್ನು ಉಜ್ಜಿ ಉಜ್ಜಿ ತೊಳೆದು, ಉಸಿರು ಬಿಗಿಹಿಡಿದು ತಿರುಗಿಸುತ್ತಿದ್ದ. ಅವಳ ಕಣ್ಣಲ್ಲಿ ನೀರು ಬಂದರೆ ಅವನ ಕಣ್ಣಲ್ಲೂ ಬರುತ್ತಿತ್ತು.

ಸ್ವಲ್ಪ ದಿನಕ್ಕೆ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಬಿತ್ತು. ಮರುದಿನ ಇನ್ನೂ ಅಗಲ. ಮಲಕಪ್ಪ ಗಾಬರಿಯಾಗಿ ಹೆಂಡತಿಯನ್ನು ಕರೆದು ತೋರಿಸಿದ.

"ಹಂಗ ಬೀಳ್ತದ, ಅಂಜಬ್ಯಾಡ್ರಿ ಅಂತ ಡಾಕ್ಟರಮ್ಮ ಮೊದಲ ಹೇಳ್ಯಾರ. ಆಮ್ಯಾಲೆ ತಾನ ಕೂಡ್ತದಂತ" ಎಂದಳು ಹೊಳೆವ್ವ.

"ಸಂದಿ ಬಿತ್ತಂದ್ರ ಸಡ್ಲ ಆಗೇತಿ ಅಂತ ಅರ್ಥ. ಸ್ಕ್ರೂ ವಿಚಾರ ನನಗ ಹೇಳಾಕ ಬರಬ್ಯಾಡ ನೀ."

ಶೆಡ್ಡಿನಲ್ಲಿ ಸಂದಿ ಕಂಡರೆ ಬಿಗಿ ಮಾಡುವುದೇ ಅವನ ಧರ್ಮ. ಕೀಲಿಯನ್ನು ಹಿಂದಕ್ಕೆ ತಿರುಗಿಸತೊಡಗಿದ. ಸಂದಿ ಮುಚ್ಚಿತು. "ನೋಡು, ಹೆಂಗ ಕೂಡ್ಯಾವ!" ಎಂದು ಮೀಸೆ ತಿರುವಿದ. ಕೆಲಸ ಮುಗಿಯಿತೆಂದು ಆಸ್ಪತ್ರೆಯ ದಾರಿಯನ್ನೇ ಬಿಡಿಸಿದ. ಹೊಳೆವ್ವ ಹೇಳಿ ಹೇಳಿ ಸೋತಳು. ಕೆಲವು ತಿಂಗಳಲ್ಲಿ ಸಾಧನವೂ ಉಣ್ಣುವಾಗ ಕಳಚಿ ಬಂತು.

ಮರುವರ್ಷ ಸವಿತಾ ರೊಟ್ಟಿ ಮುಟ್ಟುವುದನ್ನೇ ಬಿಟ್ಟು ಅನ್ನ ನುಂಗತೊಡಗಿದಾಗ ಮಲಕಪ್ಪ ತಾನೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ನಡೆದದ್ದನ್ನು ಕೇಳಿ ಡಾಕ್ಟರಮ್ಮ ಸವಿತಾಳ ಬಾಯಿ ತೆರೆಸಿ ನೋಡಿದರು.

"ಆ ಸಂದೀನೇ ಕಣ್ರೀ ನಮಗೆ ಬೇಕಾಗಿದ್ದು. ದವಡೆ ಬಿಟ್ಕೊಳ್ತಿದೆ ಅನ್ನೋದಕ್ಕೆ ಅದೇ ಗುರುತು."

ಬೈಯಲಿಲ್ಲ, ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಇನ್ನೊಂದು ಸಲ ನೋಡೋಣವೆಂದು ಹೊಸ ಸಾಧನ ಕೂರಿಸಿದರು.

ಈಗ ಮಲಕಪ್ಪ ಕೆಲಸದಿಂದ ಓಡಿ ಬಂದು ಮೊದಲು ನೋಡುತ್ತಿದ್ದುದು ಮಗಳ ಮುಂದಿನ ಹಲ್ಲುಗಳನ್ನು. ಕೂದಲೆಳೆಯಷ್ಟಾದರೂ ಸಂದಿ ಕೊಡು ತಾಯಿ ಎಂದು ಯಲ್ಲಮ್ಮನಿಗೆ ಹರಕೆ ಹೊತ್ತ. ಜಪ್ಪಯ್ಯ ಎಂದರೂ ಅವು ಕದಲಲಿಲ್ಲ. ನೋವು ಮಾತ್ರ ಮೊದಲಿಗಿಂತ ಹೆಚ್ಚಾಗಿ, ಸವಿತಾ ತಾಯಿಯ ಕೈ ಹಿಡಿದು ಒದ್ದಾಡುತ್ತಿದ್ದಳು. ಕೊನೆಗೆ ಡಾಕ್ಟರಮ್ಮ ಎಕ್ಸ್‌ರೇ ನೋಡಿ, "ಸಾಕು, ನಿಲ್ಲಿಸ್ಬಿಡಿ. ಮೂಳೆ ಕೂಡ್ಕೊಂಡಿದೆ. ಇನ್ನು ಕೊಯ್ದೇ ಬಿಡಿಸ್ಬೇಕು" ಎಂದರು.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವಂತೆ. ಹೇಳುವವರಿಗೇನು! ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಗಳಿಗೆ ಡಾಕ್ಟರಮ್ಮ ಅಂದದ್ದನ್ನು ಹೇಳುವ ಧೈರ್ಯ ಗಂಡಹೆಂಡಿರಿಬ್ಬರಿಗೂ ಬರಲಿಲ್ಲ. ಮೂವರೂ ಬಸ್ಸು ಹತ್ತಿ ಮನೆಗೆ ಬಂದರು.

ಸಂಜೆಯಾಯಿತು. ಮಲಕಪ್ಪ ಗೋಡೆಗೊರಗಿ ಕೂತೇ ಇದ್ದ. ಸವಿತಾ ತಾನೇ ಚಾಪೆ ಹಾಸಿ, ಬಾಗಿಲ ಕಡೆ ಮುಖ ಮಾಡಿ ಮಲಗಿದಳು.

"ಅಪ್ಪಾ, ಇವತ್ತ ಎರಡು ಸಲ ತಿರಗಸು. ನಾ ಅಳಂಗಿಲ್ಲ" ಎಂದು ಬಾಯಿ ತೆರೆದಳು.